ಡಬ್ಬ ಮುಟ್ಟಬೇಡ!

ದೊಡ್ಡಮ್ಮನ ಕಸೂತಿ ಡಬ್ಬ ಕೊನೆಗೂ ನನ್ನ ಪಾಲಿಗೆ ಬಂತು. ಬಂತು ಅನ್ನೋದಕ್ಕಿಂತ ಬೇರೆ ಯಾರಿಗೂ ಬೇಡವಾಗಿತ್ತು ಅನ್ನೋದೇ ಸರಿ. ಪಾತ್ರೆ, ಸೀರೆ, ಹಳೇ ರೇಡಿಯೋ ಎಲ್ಲಕ್ಕೂ ಹಕ್ಕುದಾರರಿದ್ದರು, ದಾರಕ್ಕೆ ಮಾತ್ರ ಯಾರೂ ಜಗಳ ಆಡಲಿಲ್ಲ. ತಂದು ಬೀರುವಿನ ಮೇಲಿಟ್ಟು ನಾನೂ ಮರೆತಿದ್ದೆ. ಮೊನ್ನೆ ಏನೋ ಹುಡುಕುವಾಗ ಅದೇ ತಲೆ ಮೇಲೆ ಬಿದ್ದು ನೆನಪಿಸಿತು.

ಚಿಕ್ಕವಳಿದ್ದಾಗ ಆ ಡಬ್ಬವನ್ನು ನಾನು ಮುಟ್ಟುವ ಹಾಗಿರಲಿಲ್ಲ. ಅದಕ್ಕೊಂದು ಕಾರಣ ಇತ್ತು. ನನಗೆ ಎಂಟು ವರ್ಷವಿದ್ದಾಗ ದೊಡ್ಡಮ್ಮನ ನೀಲಿ ಚುಕ್ಕಿ ಸೀರೆಯಲ್ಲಿ, ಸರಿಯಾಗಿ ಮಡಿಲಿನ ಹತ್ತಿರ, ಉಗುರಿನಷ್ಟು ತೂತು ಕಾಣಿಸಿತು. ಹರಿದದ್ದಲ್ಲ, ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು. ಮನೆಯಲ್ಲಿ ಕತ್ತರಿ ಹಿಡಿದು ಓಡಾಡುವ ಜೀವ ನಾನೊಬ್ಬಳೇ. ವಿಚಾರಣೆ ಎರಡು ನಿಮಿಷದಲ್ಲಿ ಮುಗಿಯಿತು. ಕತ್ತರಿಸಿದ ನೆನಪು ನನಗಿರಲಿಲ್ಲ, ಆದರೆ ಅಷ್ಟು ಜನ ದೊಡ್ಡವರು ಹೇಳುವಾಗ ಇರಬಹುದೇನೋ ಅನ್ನಿಸಿ ಒಪ್ಪಿಕೊಂಡುಬಿಟ್ಟೆ. ಅವತ್ತಿನಿಂದ ಮನೆಯವರು ನಾಲ್ಕು ಜನ ಸೇರಿದಲ್ಲೆಲ್ಲ ಈ ಕಥೆ ಒಂದು ಸಲ ಆಗಲೇಬೇಕು.

ದೊಡ್ಡಮ್ಮನ ಕಸೂತಿ ಅಂದರೆ ನಮ್ಮಲ್ಲಿ ಕಾನೂನು ಇದ್ದ ಹಾಗೆ. ಯಾರಾದರೂ ತಾವು ಹಾಕಿದ ಹೂವು ತೋರಿಸಿದರೆ ಅವರು ಮುಂಬದಿ ನೋಡುತ್ತಲೇ ಇರಲಿಲ್ಲ. ಸೀದಾ ತಿರುಗಿಸಿ ಹಿಂಬದಿ ನೋಡಿ, ಗಂಟುಗಳನ್ನು ಎಣಿಸಿ, ‘ಹ್ಞೂಂ’ ಅನ್ನುತ್ತಿದ್ದರು. ಆ ‘ಹ್ಞೂಂ’ ಕೇಳಿದ ಮೇಲೆ ಸೂಜಿ ಕೆಳಗಿಟ್ಟು ಟೈಪಿಂಗ್ ಕಲಿಯಲು ಹೋದವರಿದ್ದಾರೆ.

ಡಬ್ಬ ತೆರೆದರೆ ಒಳಗಿನ ಶಿಸ್ತು ನೋಡಿ ನನಗೇ ಭಯವಾಯಿತು. ರಟ್ಟಿನ ತುಂಡುಗಳಿಗೆ ಸುತ್ತಿದ ದಾರ, ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಬರೆದ ನಂಬರು. 310 ಅಂತಿತ್ತು, ಡಿಎಂಸಿ ಕಂಪನಿಯ ಕಪ್ಪು. 1746ರಲ್ಲಿ ಶುರುವಾದ ಕಂಪನಿ ಅದು, ಇವತ್ತು ಹೋಗಿ 310 ಕೇಳಿದರೂ ಅದೇ ಕಪ್ಪು ಕೊಡುತ್ತಾರೆ. ನನ್ನ ಫೋನ್ ನಂಬರೇ ಈವರೆಗೆ ಮೂರು ಸಲ ಬದಲಾಗಿದೆ.

ಪೆನ್ಸಿಲ್ ಅಳಿಸಿಹೋದ ಒಂದು ಕೆಂಪು ದಾರ ಎಷ್ಟು ಹೊಳೆಯುತ್ತಿತ್ತೆಂದರೆ ಇದು ರೇಷ್ಮೆಯೇ ಅಂತ ತೀರ್ಮಾನಿಸಿ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿ ಜಂಭ ಕೊಚ್ಚಿಕೊಂಡೆ. ಆಮೇಲೆ ಗೊತ್ತಾಯಿತು, ಅದು ಶುದ್ಧ ಹತ್ತಿ. ಹತ್ತಿ ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಈ ಹೊಳಪು ಬರುತ್ತದಂತೆ. ಜಾನ್ ಮರ್ಸರ್ ಅನ್ನುವವರು 1850ರಲ್ಲಿ ಸೋಡಾದಲ್ಲಿ ಅದ್ದುವುದಕ್ಕೆ ಪೇಟೆಂಟ್ ಪಡೆದರು, ಎಳೆದು ಹಿಡಿಯಬೇಕು ಅನ್ನುವ ಗುಟ್ಟು ಹೊಳೆಯಲು ಇನ್ನೂ ನಲವತ್ತು ವರ್ಷ ಬೇಕಾಯಿತು. ಗುಂಪಿನಲ್ಲಿ ಹಾಕಿದ್ದನ್ನು ಅಳಿಸೋಣ ಅಂದರೆ ಅಷ್ಟರಲ್ಲಿ ಹನ್ನೊಂದು ಜನ ನೋಡಿಯಾಗಿತ್ತು.

ಧೂಳು ಹೋಗಲಿ ಅಂತ ಎಲ್ಲ ದಾರವನ್ನೂ ಒಟ್ಟಿಗೆ ಒಂದೇ ಬೋಗುಣಿಯಲ್ಲಿ ನೆನೆಸಿದೆ. ಇಷ್ಟು ಸಾಕಲ್ವಾ? ಆ ಕೆಂಪು ತನ್ನ ಬಣ್ಣವನ್ನು ಎಲ್ಲರಿಗೂ ಧಾರಾಳವಾಗಿ ಹಂಚಿತು. ಈಗ ನನ್ನ ಹತ್ತಿರ ಆರು ಬಗೆಯ ಗುಲಾಬಿ ಬಣ್ಣವಿದೆ, ಬಿಳಿ ಇಲ್ಲ.

ಡಬ್ಬದ ತಳದಲ್ಲಿ ಮರದ ರಿಂಗಿಗೆ ಸಿಕ್ಕಿಸಿದ ಬಿಳಿ ಬಟ್ಟೆ ಇತ್ತು. ಮೂರು ಕೆಂಪು ಹೂವು ಪೂರ್ತಿ, ನಾಲ್ಕನೆಯದು ಅರ್ಧ. ದೊಡ್ಡಮ್ಮ ಯಾವುದನ್ನೂ ಅರ್ಧಕ್ಕೆ ಬಿಟ್ಟವರಲ್ಲ, ಇದನ್ನು ಯಾಕೆ ಬಿಟ್ಟರೋ. ನೂಲಿನಂತೆ ಸೀರೆ ಅಂತಾರಲ್ಲ, ನಮ್ಮ ವಂಶದ ನೂಲು ಎಂಥದ್ದು ತೋರಿಸೋಣ ಅಂತ ಮುಗಿಸಲು ಕೂತೆ.

ಕಸೂತಿ ದಾರದಲ್ಲಿ ಆರು ಎಳೆ ಇರುತ್ತವೆ. ಒಂದೇ ಎಳೆಯ ತುದಿ ಹಿಡಿದು ನೇರ ಮೇಲಕ್ಕೆ ಎಳೆದರೆ ಉಳಿದ ಐದು ಕೆಳಗೆ ಮುದುಡಿಕೊಂಡು, ಅದು ಪೂರ್ತಿ ಹೊರಬಂದ ತಕ್ಷಣ ತಾವಾಗಿ ಸಡಿಲವಾಗುತ್ತವೆ. ನೋಡೋಕೆ ಬಲು ಚೆಂದ. ನಾನು ಸಮಯ ಉಳಿಸಲು ಎರಡು ಎಳೆ ಒಟ್ಟಿಗೆ ಎಳೆದೆ. ಎತ್ತು ಏರಿಗೆ, ಕೋಣ ನೀರಿಗೆ. ಸಿಕ್ಕು ಬಿಡಿಸುವುದರಲ್ಲೇ ಒಂದು ಸಂಜೆ ಹೋಯಿತು.

ಸೂಜಿಯದು ಇನ್ನೊಂದು ಕಥೆ. ಕಣ್ಣು ಸರಿಯಾಗಿ ಕಾಣಲ್ಲ, ದೊಡ್ಡ ಸೂಜಿ ಇರಲಿ ಅಂತ 10ನೇ ನಂಬರಿನದು ತೆಗೆದುಕೊಂಡೆ. ಸೂಜಿಯಲ್ಲಿ ನಂಬರು ಜಾಸ್ತಿಯಾದಷ್ಟೂ ಸಣ್ಣ ಅನ್ನೋದು ಯಾರಿಗೆ ಗೊತ್ತು! ದಾರದ ತುದಿ ನೆಕ್ಕಿ, ಕತ್ತರಿಸಿ, ಮತ್ತೆ ನೆಕ್ಕಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಹದಿನೈದು ನಿಮಿಷ ಹೆಣಗಿದೆ. ಆಗ ಅದೇ ಸೂಜಿ ಕೈಜಾರಿ ನೆಲಕ್ಕೆ ಬಿತ್ತು. ಅರ್ಧ ಗಂಟೆ ಮನೆಯವರೆಲ್ಲ ಕೊಕ್ಕರೆ ಥರ ಹೆಜ್ಜೆ ಹಾಕಿದರು. ಕೊನೆಗೆ ಸಿಕ್ಕಿದ್ದು ಸೋಫಾದಲ್ಲಿ, ನಾನು ಕೂತಾಗ.

ಬೇರೆ ಸೂಜಿ ಹಿಡಿದು ಶುರು ಮಾಡಿದೆ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಬರುತ್ತಿತ್ತು. ಹಳೇ ದಾರ ಆಗಾಗ ಪಟ್ ಅಂತ ತುಂಡಾಗುತ್ತಿತ್ತು, ದೊಡ್ಡಮ್ಮ ನಿಲ್ಲಿಸಿದ ಜಾಗದ ಹತ್ತಿರ ಸೂಜಿ ಯಾಕೋ ಸಲೀಸಾಗಿ ಇಳಿಯುತ್ತಿರಲಿಲ್ಲ. ತುಕ್ಕು ಹಿಡಿದಿರಬೇಕು ಅಂದುಕೊಂಡು ಒತ್ತಿ ಒತ್ತಿ ಚುಚ್ಚಿದೆ. ಹಿಂಬದಿ ತಿರುಗಿಸಿ ನೋಡಲಿಲ್ಲ. ದೊಡ್ಡಮ್ಮನ ಹಿಂಬದಿ ಕೆಲಸ ನೋಡಿ ನನ್ನದನ್ನು ಹೋಲಿಸಿಕೊಂಡು ಸಂಕಟಪಡುವುದು ಯಾರಿಗೆ ಬೇಕು.

ಎರಡು ದಳ ಮುಗಿಸಿ, ತೋರಿಸೋಣ ಅಂತ ಎದ್ದು ನಿಂತೆ. ನೈಟಿಯೂ ಜೊತೆಗೇ ಮೇಲೆದ್ದಿತು, ಮೊಣಕಾಲಿನವರೆಗೆ. ಮಡಿಲಲ್ಲಿ ರಿಂಗ್ ಇಟ್ಟುಕೊಂಡು ಎರಡು ಗಂಟೆ ಕಾಲ ಬಟ್ಟೆಯನ್ನು ನೈಟಿಗೇ ಹೊಲಿದಿದ್ದೆ, ಅದೂ ಭದ್ರವಾಗಿ. ಮಕ್ಕಳು ನಕ್ಕಿದ್ದನ್ನು ಇಲ್ಲಿ ವಿವರಿಸಲ್ಲ.

ಬಿಡಿಸಲು ರಿಂಗನ್ನು ತಿರುಗಿಸಲೇಬೇಕಾಯಿತು. ನನ್ನ ಗಂಟುಗಳ ಪಕ್ಕದಲ್ಲೇ, ನಾಲ್ಕನೇ ಹೂವಿನ ಹಿಂದೆ, ದೊಡ್ಡಮ್ಮನ ಹೊಲಿಗೆಯ ಕೆಳಗೆ ಸಿಕ್ಕಿಕೊಂಡಿತ್ತು ಉಗುರಿನಷ್ಟು ಒಂದು ತುಂಡು ಬಟ್ಟೆ. ಅಂಚು ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದು. ಅದರ ಮೇಲೆ ನೀಲಿ ಚುಕ್ಕಿ, ಎರಡೂವರೆ.

ಹೂವು ಉಳಿಸಿಕೊಳ್ಳಲು ಸೀರೆ ಕತ್ತರಿಸಿಬಿಟ್ಟಿದ್ದಾರೆ ಪುಣ್ಯಾತ್ಗಿತ್ತಿ! ಆಮೇಲೆ ರಿಂಗನ್ನು ತಳಕ್ಕೆ ತಳ್ಳಿ, ಮೇಲೆ ದಾರ ಜೋಡಿಸಿ, ಡಬ್ಬ ಮುಟ್ಟಬೇಡ ಅಂತ ನನಗೆ ಕಟ್ಟಪ್ಪಣೆ.

ಕೈ ನಡುಗುತ್ತಲೇ ಫೋಟೋ ತೆಗೆದು ಗುಂಪಿಗೆ ಹಾಕಿದೆ. ‘ಇಷ್ಟು ವರ್ಷ ಆದ ಮೇಲೆ ಸತ್ಯ ಹೊರಬಂತು, ಎಲ್ಲರೂ ನೋಡಿ’ ಅಂತ ಬರೆದೆ. ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಮ್ಮನ ಮಗಳು, ನಮ್ಮ ಅಕ್ಕ, ಉತ್ತರ ಕೊಟ್ಟಳು.

‘ನೋಡು, ಕತ್ತರಿಸಿದ್ದು ಸಾಲದು ಅಂತ ಅಮ್ಮನ ಕಸೂತಿಗೆ ತಂದು ಹೊಲಿದು ಬೇರೆ ಇಟ್ಟಿದ್ದೀಯ.’