ಏಲಕ್ಕಿ ಹಾರ ಸಾಕು, ಮೈದಾನದ ಕೀಲಿಕೈ ಕೊಡ್ರಿ

ನಮ್ಮ ಹಾವೇರಿಯಲ್ಲಿ ಸನ್ಮಾನ ಅಂದರೆ ಏಲಕ್ಕಿ ಹಾರ ಇರಲೇಬೇಕು. ಹಿಂದೊಮ್ಮೆ ರಾಜ್ಯ ತಂಡಕ್ಕೆ ಫುಟ್‌ಬಾಲ್ ಆಡಿದ್ದ ಒಬ್ಬ ಅಕ್ಕನಿಗೂ ಹೋದ ತಿಂಗಳು ಹಾಕಿದರು. ಶಾಲು, ಹಣ್ಣಿನ ಬುಟ್ಟಿ, ಫೋಟೋ ಎಲ್ಲಾ ಆಯ್ತು. ವೇದಿಕೆ ಇಳಿದು ಬಂದವರು ಹಾರ ಮೂಸಿ ನೋಡಿ, "ಚಾಕ್ಕರೆ ಆತು ಬಿಡ್ರಿ" ಅಂತ ನಕ್ಕರು. ಮರುದಿನ ಬೆಳಿಗ್ಗೆ ಆರಕ್ಕೆ ಅದೇ ಅಕ್ಕ ಹದಿನಾಲ್ಕು ಹುಡುಗಿಯರನ್ನು ಕಟ್ಟಿಕೊಂಡು ಮೈದಾನದ ಗೇಟಿನ ಹೊರಗೆ ನಿಂತಿದ್ದರು. ಒಳಗೆ ಕ್ರಿಕೆಟ್ ಪಿಚ್ ರೆಡಿ ಮಾಡಿದ್ದಾರಂತೆ. ಗೇಟಿಗೆ ಕೀಲಿ. ಆ ಹದಿನಾಲ್ಕರಲ್ಲಿ ನನ್ನ ಮಗಳೂ ಒಬ್ಬಳು.

ಮಣಿಪುರದ ಫುಟ್‌ಬಾಲ್ ಆಟಗಾರ್ತಿ ಬೆಂಬೆಂ ದೇವಿ ಗೊತ್ತಲ್ವಾ? ಸಣ್ಣವರಿದ್ದಾಗ ಹುಡುಗರ ಟೀಮಿನಲ್ಲಿ ಜಾಗ ಸಿಗಲಿ ಅಂತ ಬೋಬೋ, ಆಮ್ಕೋ ಅಂತೆಲ್ಲ ಹೆಸರು ಹೇಳಿಕೊಂಡು ಆಡಿದವರು. 15ನೇ ವಯಸ್ಸಿಗೇ ಭಾರತ ತಂಡ ಸೇರಿದರು. 2016ರಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನ ಗೆದ್ದು ಭಾರತ ತಂಡದ ಆಟ ಬಿಟ್ಟರು. 2017ರಲ್ಲಿ ಅರ್ಜುನ ಪ್ರಶಸ್ತಿ, 2020ರಲ್ಲಿ ಪದ್ಮಶ್ರೀ. ಅವರಿಗಿಂತ ಮೊದಲು ಅರ್ಜುನ ಪಡೆದ ಫುಟ್‌ಬಾಲ್ ಆಟಗಾರ್ತಿ ಕೋಲ್ಕತ್ತಾದ ಶಾಂತಿ ಮಲ್ಲಿಕ್ ಒಬ್ಬರೇ, ಅದು 1983ರಲ್ಲಿ. ಅದೇ ವರ್ಷ ನಮ್ಮ ಹೆಣ್ಣುಮಕ್ಕಳು ಏಷ್ಯಾ ಚಾಂಪಿಯನ್‌ಶಿಪ್ಪಿನ ಫೈನಲ್ ಆಡಿದ್ದರು! ಆಮೇಲೆ 34 ವರ್ಷ ಇನ್ನೊಬ್ಬಳು ಸಿಗಲಿಲ್ಲ ಅಂದರೆ ಏನು ಹೇಳೋದು. ಆಟ ಮುಗಿದ ಮೇಲೆ ಇಬ್ಬರೂ ಹಿಡಿದದ್ದು ಕೋಚಿಂಗನ್ನೇ. ನನಗೆ ಪ್ರಶಸ್ತಿಗಿಂತ ಜಾಸ್ತಿ ಹಿಡಿಸೋದು ಅದು.

ಯಾಕೆ ಅಂತ ನಮ್ಮ ಅಕ್ಕನನ್ನು ನೋಡಿಯೇ ತಿಳಿದದ್ದು. ಎಂಟನೇ ಕ್ಲಾಸಿಗೆ ಬಂದ ಒಬ್ಬ ಹುಡುಗಿ ಇದ್ದಕ್ಕಿದ್ದಂತೆ ಪ್ರಾಕ್ಟೀಸಿಗೆ ಬರೋದು ಬಿಟ್ಟಳು. ಗಂಡಸು ಕೋಚ್ ಆಗಿದ್ದರೆ ಅಪ್ಪನಿಗೆ ಫೋನ್ ಮಾಡಿ ಸುಮ್ಮನಾಗುತ್ತಿದ್ದರೇನೋ. ಈ ಅಕ್ಕ ನನ್ನನ್ನೂ ಎಳೆದುಕೊಂಡು ಸೀದಾ ಆ ಮನೆಯ ಅಡುಗೆಮನೆಗೆ ಹೋದರು. ತಾಯಿ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ದೊಡ್ಡಾಕಿ ಆಗ್ಯಾಳ್ರಿ ಅಕ್ಕಾರ. ಚಡ್ಡಿ ಹಾಕ್ಕೊಂಡು ಹೆಂಗ ಕಳಸೂದು?"

"ಲೆಗ್ಗಿಂಗ್ಸ್ ಹಾಕ್ಕೊಂಡು ಬರ್ಲಿ ತಂಗೀ. ನಾನ ಕರ್ಕೊಂಡು ಹೋಗ್ತೀನಿ, ನಾನ ತಂದು ಬಿಡ್ತೀನಿ. ಹೊಟ್ಟಿನೋವಿದ್ದ ದಿನ ಓಡಸೂದಿಲ್ಲ, ಕುಂದರ್ಲಿ."

ಹೊಟ್ಟೆನೋವಿನ ಮಾತು ಬಂದಾಗ ತಾಯಿ ಮೊದಲ ಸಲ ಮುಖ ನೋಡಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟಳು. ಹೂಂ ಅನ್ನಲಿಲ್ಲ, ಒಲ್ಲೆ ಅಂತಲೂ ಅನ್ನಲಿಲ್ಲ.

ಎಷ್ಟೋ ಶಾಲೆಗಳಲ್ಲಿ ಇವತ್ತಿಗೂ ಹುಡುಗರಿಗೆ ಫುಟ್‌ಬಾಲ್, ಹುಡುಗಿಯರಿಗೆ ಥ್ರೋಬಾಲ್. (ಥ್ರೋಬಾಲ್ ಮೇಲೆ ನನಗೇನೂ ಸಿಟ್ಟಿಲ್ಲ, ನಾನೂ ಆಡಿದವಳೇ.) "ಹುಡುಗಿಯರೇ ಬರೋದಿಲ್ರಿ" ಅಂತ ಪಿಟಿ ಸರ್‌ಗಳು ಹೇಳುತ್ತಾರೆ. ಬರುತ್ತಾರೆ ಸರ್. ಬಂದವರು ನಿಲ್ಲೋ ಹಾಗೆ ಮಾಡೋರು ಬೇಕು. ಆಡಿ ಬಂದ ಹೆಂಗಸರು ನಮ್ಮ ಜಿಲ್ಲೆಗಳಲ್ಲೇ ಇದ್ದಾರೆ, ಮನೆ, ಮಕ್ಕಳು, ನೌಕರಿ ಅಂತ ಕಳೆದುಹೋಗಿದ್ದಾರೆ. ಅವರನ್ನು ಕರೆದು ತಿಂಗಳಿಗಿಷ್ಟು ಅಂತ ಸಂಬಳ ಕೊಡಿ. ಸೇವೆ, ತ್ಯಾಗ ಅಂತ ಭಾಷಣ ಬೇಡ. ನಮ್ಮ ಅಕ್ಕನ ಹತ್ತಿರ ಇರೋದು ಐದು ಚೆಂಡು, ಅದೂ ಸ್ವಂತ ದುಡ್ಡಿನವು. ಒಂದಕ್ಕೆ ದಿನಾ ಗಾಳಿ ಹೊಡೆಯಬೇಕು. ಬೆಳಿಗ್ಗೆ ಎರಡು ತಾಸು ಗೇಟು ತೆರೆದಿಡೋಕೂ ನಮಗೆ ಆಗಲ್ವಾ?

ಆ ಹುಡುಗಿ ಇವತ್ತು ಬಂದಿದ್ದಳು. ಕಪ್ಪು ಲೆಗ್ಗಿಂಗ್ಸ್, ಅಣ್ಣನ ಬೂಟು, ಮುಂದೆ ಪೇಪರ್ ತುರುಕಿದ್ದು. ವಾಚ್‌ಮನ್ ಬಂದಾಗ ಏಳೂವರೆ. ಅಷ್ಟರಲ್ಲಿ ಗೇಟಿನ ಹೊರಗೇ, ಗಾಡಿ ನಿಲ್ಲಿಸೋ ಜಾಗದಲ್ಲಿ, ಪಾಸಿಂಗ್ ಮುಗಿಸಿ ಎಲ್ಲರೂ ಶಾಲೆಗೆ ಹೊತ್ತಾಯ್ತು ಅಂತ ಹೊರಟಿದ್ದರು.