ಪಿತ್ತಕೋಶದ ಕಲ್ಲಿನ ಬಗ್ಗೆ ಹರಿದಾಡುತ್ತಿರುವ ಸಂದೇಶ: ಒಂದು ಸ್ಪಷ್ಟನೆ

ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದರೆ ಪಿತ್ತಕೋಶದ ಕಲ್ಲು ಎಷ್ಟೇ ದೊಡ್ಡದಿದ್ದರೂ ಮಲದಲ್ಲಿ ಹೊರಬೀಳುತ್ತದೆ, ಶಸ್ತ್ರಚಿಕಿತ್ಸೆ ಬೇಕಿಲ್ಲ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಹಾಗೆ ಹೊರಬೀಳುವ ಹಸಿರು ಉಂಡೆಗಳು ಕಲ್ಲುಗಳಲ್ಲ. 2005ರಲ್ಲಿ 'ದಿ ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಪ್ರಕರಣವೊಂದರಲ್ಲಿ ಇಂಥ ಉಂಡೆಗಳನ್ನು 40 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿದಾಗ ಅವು ಹತ್ತು ನಿಮಿಷದಲ್ಲಿ ಕರಗಿ ಎಣ್ಣೆಯಂಥ ಹಸಿರು ದ್ರವವಾದವು. ನಿಜವಾದ ಕಲ್ಲುಗಳಲ್ಲಿರುವ ಕೊಲೆಸ್ಟ್ರಾಲ್ ಆಗಲಿ ಬಿಲಿರುಬಿನ್ (ಪಿತ್ತದ ಹಳದಿ ವರ್ಣದ್ರವ್ಯ) ಆಗಲಿ ಅವುಗಳಲ್ಲಿ ಇರಲಿಲ್ಲ. ಕುಡಿದ ಎಣ್ಣೆಯೇ ಜಠರರಸದೊಡನೆ ಸೇರಿ ಸಾಬೂನಿನಂತೆ ಗಟ್ಟಿಯಾಗಿತ್ತು.

ದೊಡ್ಡ ಕಲ್ಲು ಕರುಳಿಗೆ ಇಳಿಯುವುದು ಅಪರೂಪವಾದರೂ ಉಂಟು, ಆದರೆ ಅದು ವಾಸಿಯಾದ ಲಕ್ಷಣವಲ್ಲ. ಮತ್ತೆ ಮತ್ತೆ ಉರಿಯೂತಗೊಂಡ ಪಿತ್ತಕೋಶ ಕರುಳಿಗೆ ಅಂಟಿಕೊಂಡು, ಗೋಡೆ ಸವೆದು, ನಡುವೆ ರಂಧ್ರವಾಗಿ, ಸಾಮಾನ್ಯವಾಗಿ ಎರಡೂವರೆ ಸೆಂಟಿಮೀಟರಿಗಿಂತ ದೊಡ್ಡದಾದ ಕಲ್ಲು ಸಣ್ಣ ಕರುಳಿನ ಕೊನೆಯ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡು ದಾರಿಯನ್ನೇ ಮುಚ್ಚುತ್ತದೆ. ಆಗ ತುರ್ತಾಗಿ ಕರುಳನ್ನು ಸೀಳಿ ಕಲ್ಲನ್ನು ತೆಗೆಯಬೇಕಾಗುತ್ತದೆ. ಪಿತ್ತಕೋಶವನ್ನು ತೆಗೆದು ರಂಧ್ರ ಮುಚ್ಚುವ ಕೆಲಸವನ್ನು ರೋಗಿಯ ಸ್ಥಿತಿ ನೋಡಿ ಅಂದೇ ಮಾಡುತ್ತಾರೆ ಇಲ್ಲವೆ ಮುಂದೂಡುತ್ತಾರೆ. ಈ ತೊಂದರೆ ಹೆಚ್ಚಾಗಿ ಕಾಣುವುದು ವಯಸ್ಸಾದವರಲ್ಲಿ ಎಂಬುದೇ ನನ್ನ ಆತಂಕಕ್ಕೆ ಮುಖ್ಯ ಕಾರಣ. ಪಿತ್ತಕೋಶದ ಕತ್ತಿನಲ್ಲಿ ಸಿಕ್ಕ ಕಲ್ಲು ಪಕ್ಕದ ಪಿತ್ತನಾಳವನ್ನು ಒತ್ತಿ ಕಾಮಾಲೆ ತರುವ ಮಿರಿಜ್ಜಿ ಸಿಂಡ್ರೋಮ್ ಕೂಡ ಇದೇ ಬಗೆಯ ತೊಡಕು.

ನೋವೇ ಇಲ್ಲದ ಕಲ್ಲುಗಳಿಗೆ ಬಹುಪಾಲು ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ, ನಿಜ. ಆದರೆ ಅದನ್ನು ನಿರ್ಧರಿಸಬೇಕಾದವರು ಪರೀಕ್ಷಿಸಿದ ವೈದ್ಯರು. ದಯವಿಟ್ಟು ಆ ಸಂದೇಶವನ್ನು ಯಾರಿಗೂ ಕಳುಹಿಸಬೇಡಿ. ಕಲ್ಲಿರುವವರಿಗೆ ಜ್ವರ, ಕಾಮಾಲೆ, ನಿಲ್ಲದ ವಾಂತಿ ಅಥವಾ ಹೊಟ್ಟೆಯುಬ್ಬರ ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.