ಹನ್ನೊಂದು ತಟ್ಟೆ

ಜಪಾನಿನ ಒಸಾಕಾದಲ್ಲಿ ನಾವು ಇಳಿದುಕೊಂಡಿದ್ದ ಕೋಣೆಯಿಂದ ಐದು ನಿಮಿಷ ನಡೆದರೆ ಒಂದು ತಿರುಗುವ ಸುಶಿ ಅಂಗಡಿ. ಅಲ್ಲಿಯವರ ಮಾತಿನಲ್ಲಿ ಕೈಟೆನ್ ಝುಶಿ. ಸುಶಿ ಅಂದರೆ ಅನ್ನಕ್ಕೆ ಮೀನೋ ತರಕಾರಿಯೋ ಸೇರಿಸಿದ ತುತ್ತು. ಮೊದಲ ದಿನ ಬಾಗಿಲ ಹೊರಗೇ ನಿಂತು ಜೇಬು ಮುಟ್ಟಿ ನೋಡಿಕೊಂಡೆ. ಸುಶಿ ಅಂದರೆ ದುಡ್ಡಿದ್ದವರ ಊಟ ಅಂತಲೇ ನನ್ನ ತಲೆಯಲ್ಲಿ ಕೂತಿತ್ತು. ಫಲಕದಲ್ಲಿ ತಟ್ಟೆಗೆ 120 ಯೆನ್ ಅಂತ ಕಂಡಿತು. ನಮ್ಮ ಲೆಕ್ಕದಲ್ಲಿ ಎಪ್ಪತ್ತು ರೂಪಾಯಿ ಆಸುಪಾಸು. ಧೈರ್ಯ ಬಂತು.

ಕೂತ ತಕ್ಷಣ ಎದುರಿಗೆ ಬೆಲ್ಟ್ ಮೇಲೆ ಪುಟ್ಟ ತಟ್ಟೆಗಳ ಮೆರವಣಿಗೆ. ಒಂದೊಂದರಲ್ಲಿ ಎರಡೆರಡು ಸುಶಿ. ಮೇಜಿಗೇ ಒಂದು ನಲ್ಲಿ. ಕೈ ತೊಳೆಯೋಕೆ ಇರಬೇಕು ಅಂತ ಕೈ ಚಾಚಿದೆ. ಪಕ್ಕದಲ್ಲಿದ್ದ ಅಜ್ಜ "ಅತ್ಸುಯಿ! ಅತ್ಸುಯಿ!" ಅಂತ ಕೂಗಿದರು. ಬಿಸಿ ಅಂತೆ! ಅದು ಚಹಾದ ನಲ್ಲಿ. ಡಬ್ಬಿಯಲ್ಲಿನ ಹಸಿರು ಪುಡಿ ಕಪ್ಪಿಗೆ ಹಾಕಿ, ನಲ್ಲಿಗೆ ಕಪ್ಪು ಒತ್ತಿದರೆ ಚಹಾ ರೆಡಿ. ಎಷ್ಟು ಕುಡಿದರೂ ಕಾಸಿಲ್ಲ.

ಈ ಬೆಲ್ಟ್ ಹುಟ್ಟಿದ್ದೂ ಇದೇ ಸೀಮೆಯಲ್ಲಿ. ಯೋಶಿಯಾಕಿ ಶಿರಾಯಿಶಿ ಅನ್ನುವವರ ಅಂಗಡಿಗೆ ಕೆಲಸದವರು ಸಾಲುತ್ತಿರಲಿಲ್ಲ. ಬಿಯರ್ ಕಾರ್ಖಾನೆಯಲ್ಲಿ ಬೆಲ್ಟ್ ಮೇಲೆ ಸಾಗುವ ಬಾಟಲಿ ನೋಡಿ, ಸುಶಿಯೂ ಹೀಗೇ ಬರಬಾರದೇಕೆ ಅಂದುಕೊಂಡರು. 1958ರಲ್ಲಿ ಅಂಗಡಿ ತೆರೆದೇಬಿಟ್ಟರು. 1970ರ ಒಸಾಕಾ ಎಕ್ಸ್‌ಪೋ ಅನ್ನುವ ವಿಶ್ವ ಪ್ರದರ್ಶನ ಆದಮೇಲೆ ದೇಶವೆಲ್ಲ ತಿರುಗತೊಡಗಿತು.

ಇಂಥ ಅಗ್ಗದ ಸುಶಿ ಅಸಲಿ ಅಲ್ಲ ಅಂತ ಮೂಗು ಮುರಿಯುವವರಿದ್ದಾರೆ. ನನಗೆ ಆ ಮಾತೇ ತಲೆಕೆಳಗು ಅನ್ನಿಸುತ್ತದೆ. ಅನ್ನದ ತುತ್ತಿನ ಮೇಲೆ ಮೀನಿಟ್ಟ ಸುಶಿ 19ನೇ ಶತಮಾನದಲ್ಲಿ ಎದೋ, ಅಂದರೆ ಈಗಿನ ಟೋಕಿಯೊದ, ಬೀದಿಗಾಡಿಗಳಲ್ಲಿ ಬೆಳೆದದ್ದು. ಅವಸರದವರು ನಿಂತು ತಿಂದು ಹೊರಡುವ ತಿಂಡಿ ಅದು. ಅದೂ ಕೈಯಲ್ಲಿ! ಈಗಲೂ ಕೈಯಲ್ಲಿ ತಿಂದರೆ ಯಾರೂ ಏನೂ ಅನ್ನುವುದಿಲ್ಲ. ನಾನು ಕಡ್ಡಿಗಳ ಜೊತೆ ಸುಮ್ನೆ ಹತ್ತು ನಿಮಿಷ ಹೆಣಗಿದ್ದೆ. ಇನ್ನು ಅಸಲಿ ಅಂತ ಎಲ್ಲರೂ ಬಾಯಿ ಚಪ್ಪರಿಸುವ ಸಾಲ್ಮನ್ ಸುಶಿ? ಅದು 1980ರ ದಶಕದಲ್ಲಿ ನಾರ್ವೆಯವರು ತಮ್ಮ ಮೀನು ಮಾರೋಕೆ ರೂಢಿ ಮಾಡಿಸಿದ್ದು.

ಕೈಯಲ್ಲಿ ಎತ್ತಿದೆನೇನೋ ಸರಿ, ಅನ್ನದ ಬದಿಯನ್ನೇ ಸೋಯಾ ಸಾಸಿಗೆ ಅದ್ದಿದೆ. ಅನ್ನ ಬಿಚ್ಚಿಕೊಂಡು ಬಟ್ಟಲಲ್ಲಿ ತೇಲಿತು. ಅಜ್ಜ ಮಾತಾಡಲಿಲ್ಲ. ತಮ್ಮ ಸುಶಿಯನ್ನು ಪಕ್ಕಕ್ಕೆ ಹೊರಳಿಸಿ, ಮೀನಿನ ತುದಿಯಷ್ಟೇ ಸಾಸಿಗೆ ತಾಗಿಸಿ, ಇಡಿಯಾಗಿ ಬಾಯಿಗಿಟ್ಟುಕೊಂಡರು. ನಾನೂ ಹಾಗೇ ಮಾಡಿದೆ. ವಿನೆಗರ್ ಹಾಕಿದ ಅನ್ನದ ಹುಳಿಸಿಹಿ, ತಣ್ಣನೆ ಮೀನು, ಒಂದು ಕ್ಷಣ ಬಿಟ್ಟು ವಸಾಬಿ ಅನ್ನುವ ಹಸಿರು ಮುದ್ದೆಯ ಖಾರ ನೇರ ಮೂಗಿಗೆ. ಕಣ್ಣಲ್ಲಿ ನೀರು. ಅಜ್ಜನ ಮುಖದಲ್ಲಿ ನಗು.

ಜೊತೆಗಿದ್ದ ಗೆಳೆಯ ಅಪ್ಪಟ ಸಸ್ಯಾಹಾರಿ. ಅವನ ಪಾಲಿಗೆ ಸೌತೆಕಾಯಿ ಸುತ್ತಿದ ಕಪ್ಪಾ ಮಾಕಿ. ಕಪ್ಪಾ ಅಂದರೆ ಜಪಾನಿನ ಕಥೆಗಳಲ್ಲಿ ಹೊಳೆಯಲ್ಲಿರುವ ಭೂತ. ಅದಕ್ಕೆ ಸೌತೆಕಾಯಿ ಅಂದರೆ ಪ್ರಾಣ. ಗೆಳೆಯ ನಾಲ್ಕು ತಟ್ಟೆ ಮುಗಿಸಿ, "ನನಗಿಂತ ಆ ಭೂತವೇ ವಾಸಿ, ಅದಕ್ಕೆ ಇಷ್ಟವಾದರೂ ಇದೆ" ಅಂದ.

ಇಲ್ಲಿ ಬಿಲ್ಲು ಮುಚ್ಚಿಡೋಕೆ ಆಗೋದಿಲ್ಲ. ತಿಂದದ್ದೆಲ್ಲ ತಟ್ಟೆಯ ರಾಶಿಯಾಗಿ ಎದುರಿಗೇ ನಿಂತಿರುತ್ತದೆ. ಅಜ್ಜನ ರಾಶಿಯಲ್ಲಿ ಆರು, ನನ್ನದರಲ್ಲಿ ಹನ್ನೊಂದು. ನನ್ನದೂ ಗೆಳೆಯನದೂ ಸೇರಿ 1800 ಯೆನ್, ಅದಕ್ಕೇನೂ ಬೇಜಾರಿಲ್ಲ. ಆದರೂ ಎಣಿಸುವ ಹುಡುಗಿ ಬರುವುದು ಕಂಡಿತು. ನಾನು ಮೆಲ್ಲಗೆ ಮೂರು ತಟ್ಟೆಗಳನ್ನು ಗೆಳೆಯನ ರಾಶಿಗೆ ಸೇರಿಸಿದೆ.